ಹೊಸ ಟೈರಿನ ಮೊದಲ ಮಳೆ

ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ಎರಡೂ ಕಿವಿಗೆ ಹಾಕಿಕೊಳ್ಳುವ ಯಂತ್ರಗಳಿವೆ. ಅವು ಇದ್ದಾಗ ಹತ್ತಿರದಿಂದ ಆಡಿದ ಮಾತು ಅಷ್ಟಿಷ್ಟು ತಲುಪುತ್ತದೆ, ಉಳಿದದ್ದನ್ನು ತುಟಿ ನೋಡಿ, ಕೈಸನ್ನೆ ನೋಡಿ ಹೊಂದಿಸಿಕೊಳ್ಳುತ್ತಾಳೆ. ಆದರೆ ಅವಕ್ಕೆ ನೀರು ತಾಗಬಾರದು. ಹಾಗಾಗಿ ದಾರಿಯಲ್ಲಿ ಮಳೆ ಶುರುವಾಯಿತೆಂದರೆ ನಾನು ಬೈಕನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದೆ. ಅವಳು ಯಂತ್ರಗಳನ್ನು ಬಿಚ್ಚಿ ಒಂದು ಪುಟ್ಟ ಸ್ಟೀಲ್ ಡಬ್ಬಿಗೆ ಹಾಕಿ ಕೊಡುತ್ತಿದ್ದಳು. ನಾನು ಡಬ್ಬಿಯನ್ನು ರೇನ್‌ಕೋಟಿನೊಳಗೆ ಅಂಗಿಯ ಜೇಬಿಗೆ ಇಳಿಸಿ ಗುಂಡಿ ಹಾಕುತ್ತಿದ್ದೆ. ಅಲ್ಲಿಂದ ಶಾಲೆ ಮುಟ್ಟುವ ತನಕ ಅವಳಿಗೆ ಹಾರ್ನ್ ಇಲ್ಲ, ಗುಡುಗಿಲ್ಲ, ನನ್ನ ದನಿಯೂ ಇಲ್ಲ. ನನ್ನ ಬೆನ್ನಿಗೆ ಕೆನ್ನೆ ಒತ್ತಿ, ರೇನ್‌ಕೋಟಿನ ಎರಡೂ ಬದಿ ಮುಷ್ಟಿಯಲ್ಲಿ ಹಿಡಿದು ಕೂರುತ್ತಿದ್ದಳು.

ನಮ್ಮ ಮನೆ ಕಗ್ಗದಾಸಪುರದಲ್ಲಿ. ನನ್ನ ತಾತ ರಾಗಿ ಬಿತ್ತುತ್ತಿದ್ದ ಕಡೆ ಈಗ ಅಪಾರ್ಟ್‌ಮೆಂಟಿನವರ ಕಾರು ನಿಲ್ಲುತ್ತವೆ, ನಮ್ಮ ಪಾಲಿಗೆ ಉಳಿದದ್ದು ಹಳೇ ಮನೆ ಮತ್ತು ಅದರ ಮೇಲೆ ಕಟ್ಟಿದ ಒಂದು ಬಾಡಿಗೆ ಮನೆ. ಮಗಳ ಶಾಲೆ ಕಾಕ್ಸ್ ಟೌನಿನಲ್ಲಿ. ಬೋರ್ಡುಗಳಲ್ಲಿ ಸರ್ವಜ್ಞನಗರ ಅಂತಿದ್ದರೂ ನಮ್ಮ ಬಾಯಲ್ಲಿ ಅದು ಕಾಕ್ಸ್ ಟೌನೇ. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಟೀಚರೊಬ್ಬರು ಅಲ್ಲಿದ್ದಾರೆ. ಬೆಳಗಿನ ಮೊದಲ ತರಗತಿಯೇ ಅದು, ತಪ್ಪಿದರೆ ಆ ದಿನದ ಪಾಠ ಹೋಯಿತು. ನನ್ನ ಕೆಲಸ ಶಿವಾಜಿನಗರದ ಒಂದು ಕನ್ನಡಕದ ಅಂಗಡಿಯಲ್ಲಿ, ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು. ಹೆಂಡತಿ ಶಿಶುವಿಹಾರವೊಂದರಲ್ಲಿ ಅಡಿಗೆ ಮಾಡುತ್ತಾಳೆ, ನಮಗಿಂತ ಮೊದಲೇ ಹೊರಡಬೇಕು. ಶಾಲೆಯ ವ್ಯಾನು ನಮ್ಮ ಕಡೆಗೆ ಬರುವುದಿಲ್ಲ. ಆದ್ದರಿಂದ ಬೈಕು. ರೈಲ್ವೆ ಗೇಟು ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು, ಹಲಸೂರು, ಮರ್ಫಿ ಟೌನ್, ಅಲ್ಲಿಂದ ಕಾಕ್ಸ್ ಟೌನ್. ಮೂರು ವರ್ಷ ಹೀಗೇ ನಡೆದಿತ್ತು.

ಮೊದಲ ಸಲ ಬಿದ್ದದ್ದು ಹಳೇ ಮದ್ರಾಸ್ ರಸ್ತೆಯಲ್ಲಿ. ಯಾವುದೋ ಕೇಬಲ್ಲಿಗೆ ಅಗೆದ ಗುಂಡಿಯ ಮೇಲೆ ಕಬ್ಬಿಣದ ತಗಡು ಹಾಸಿದ್ದರು. ಜಡಿಮಳೆ. ನಾನು ಜೋರಾಗಿಯೇನೂ ಹೋಗುತ್ತಿರಲಿಲ್ಲ. ಮುಂದಿನ ಚಕ್ರ ದಾಟಿತು, ಹಿಂದಿನದು ತಗಡಿನ ಮೇಲೆ ಬಲಕ್ಕೆ ಸರಿಯಿತು, ತಗಡು ಮುಗಿದು ರಸ್ತೆ ಬಂದರೂ ಸರಿಯುತ್ತಲೇ ಹೋಯಿತು. "ಗಟ್ಟಿಯಾಗಿ ಹಿಡ್ಕೋ!" ಎಂದು ಕಿರುಚಿದೆ. ಯಾರಿಗೆ ಕಿರುಚಿದೆ? ಯಂತ್ರಗಳು ನನ್ನ ಜೇಬಿನಲ್ಲಿದ್ದವು.

ಹಿಂದೆ ಬರುತ್ತಿದ್ದ ಬಸ್ಸು ನಿಂತಿತು. ನಿಲ್ಲದೆಯೂ ಇರಬಹುದಿತ್ತು. ಅವಳ ಗದ್ದ ಸೀಳಿ ಹೊಲಿಗೆ ಬಿತ್ತು, ನನ್ನ ಮೊಣಕೈ ತರಚಿತು. ಅಷ್ಟಕ್ಕೇ ಮುಗಿಯಿತು ಎಂದು ಎಲ್ಲರೂ ಹೇಳಿದರು. ಅವಳು ಅಳಲಿಲ್ಲ. ರಸ್ತೆಯ ಮೇಲೆ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮಾರನೇ ದಿನ ಹಿಂದಿನ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಗೀರುಗಳೆಲ್ಲ ಆಳವಾಗಿಯೇ ಇದ್ದವು. ಮನೆ ಹತ್ತಿರದ ಪಂಕ್ಚರ್ ಅಂಗಡಿಯವನೂ "ಟೈರ್ ಚೆನ್ನಾಗಿದೆ ಅಣ್ಣಾ, ಇನ್ನೂ ಓಡುತ್ತೆ. ನೀವೇ ಏನೋ ಬ್ರೇಕ್ ಒತ್ತಿರ್ತೀರ" ಎಂದ. ಕನ್ನಡಕದ ಅಂಗಡಿಯಲ್ಲಿ ನನ್ನ ಪಕ್ಕ ಕೂತು ಫ್ರೇಮ್ ಜೋಡಿಸುವ ಗೆಳೆಯ ಬಂದು ಹೆಬ್ಬೆರಳ ಉಗುರಿನಿಂದ ಟೈರನ್ನು ಒತ್ತಿದ. ಉಗುರು ಇಳಿಯಲಿಲ್ಲ.

"ಮಗಾ, ಇದು ರಬ್ಬರ್ ಅಲ್ಲ, ಕಲ್ಲು. ಬಿಸಿಲಲ್ಲಿ ನಿಂತೂ ನಿಂತೂ ಒಣಗಿ ಹೋಗಿದೆ. ಗೀರಿದ್ರೆ ಏನ್ ಬಂತು?"

ಪಂಕ್ಚರಿನವನು ಸರಿಯೋ ಇವನು ಸರಿಯೋ ನನಗೆ ಗೊತ್ತಿರಲಿಲ್ಲ. ಆದರೆ ದೂರುವುದಕ್ಕೆ ಒಂದು ವಸ್ತು ಸಿಕ್ಕಿತಲ್ಲ, ಅದನ್ನು ಹಿಡಿದುಕೊಂಡೆ. ಯಾಕೆಂದರೆ ಅಷ್ಟರಲ್ಲಿ ಮನೆಯಲ್ಲಿ ಬೇರೆಯೇ ಕಷ್ಟ ಶುರುವಾಗಿತ್ತು.

ಮಗಳು ಬೈಕ್ ಹತ್ತುವುದನ್ನು ಬಿಟ್ಟಳು. ಹಟ ಮಾಡಿ ಕೂಗಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಬೆಳಿಗ್ಗೆ ಎದ್ದು, ಯೂನಿಫಾರಂ ಹಾಕಿಕೊಂಡು, ಬಾಗಿಲಿಗೆ ಬಂದು ಆಕಾಶ ನೋಡುತ್ತಿದ್ದಳು. ಮೋಡವಿದ್ದರೆ ಬ್ಯಾಗನ್ನು ಕೆಳಗಿಟ್ಟು ಹೊಸಿಲ ಒಳಗೆ ಕೂತುಬಿಡುತ್ತಿದ್ದಳು. ಆ ತಿಂಗಳಿನಲ್ಲಿ ಮೋಡವಿಲ್ಲದ ದಿನ ಎಲ್ಲಿತ್ತು? ಆಟೋದವರು ಮಳೆಯಲ್ಲಿ ಗೇಟು ದಾಟಿ ಆ ಕಡೆ ಬರಲು ಒಪ್ಪುತ್ತಿರಲಿಲ್ಲ. ಬಸ್ಸಿನಲ್ಲಿ ಹೋದ ಒಂದೆರಡು ದಿನ ಮೊದಲ ತರಗತಿ ಮುಗಿದ ಮೇಲೆ ತಲುಪಿದೆವು. ಟೀಚರ್ ಬೈಯಲಿಲ್ಲ, ಆದರೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡಿ, ಈಗಷ್ಟೇ ಅವಳಿಗೆ ಮಾತು ಬರ್ತಾ ಇದೆ. ಈಗ ಬಿಟ್ರೆ ಕಲಿತಿದ್ದೂ ಹೋಗುತ್ತೆ. ಹೇಗಾದ್ರೂ ಮಾಡಿ ಕರ್ಕೊಂಡ್ ಬನ್ನಿ."

ಹೇಗಾದರೂ ಮಾಡಿ ಎನ್ನುವ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಗಾಜು ಉಜ್ಜುವಾಗಲೂ ಅದೇ. ಒಂದು ದಿನ ಯಾರದೋ ಓದುವ ಕನ್ನಡಕದ ಎಡ ಬಲ ಗಾಜು ಅದಲು ಬದಲು ಮಾಡಿಟ್ಟೆ. ಊಟದ ಬಿಡುವಿನಲ್ಲಿ ಬುತ್ತಿ ತೆರೆಯದೆ ಫೋನಿನಲ್ಲಿ ಟೈರಿನ ವಿಡಿಯೋಗಳನ್ನು ನೋಡುತ್ತಿದ್ದೆ. ಒಬ್ಬ ಮೆತ್ತನೆ ರಬ್ಬರು ಮಳೆಗೆ ಒಳ್ಳೆಯದು ಎನ್ನುತ್ತಿದ್ದ. ಇನ್ನೊಬ್ಬ ಗೀರು ಮುಖ್ಯ, ನೀರನ್ನು ಪಕ್ಕಕ್ಕೆ ತಳ್ಳಬೇಕು ಎನ್ನುತ್ತಿದ್ದ. ಅಗಲ ಟೈರು ಹಾಕಿಸು ಎಂದು ಗೆಳೆಯ ಹೇಳಿದರೆ, ಅಗಲ ಹಾಕಿಸಿದರೆ ನೀರಿನ ಮೇಲೆ ತೇಲುತ್ತದೆ ಎಂದು ಮತ್ತೊಬ್ಬರು ಹೆದರಿಸಿದರು. ಕೇಳಿದಷ್ಟೂ ಬೀಳುವುದಕ್ಕೆ ಹೊಸ ಹೊಸ ಕಾರಣಗಳು ತಿಳಿಯುತ್ತಿದ್ದವು.

"ಎಷ್ಟು ದಿನ ಅದನ್ನೇ ನೋಡ್ತೀರಾ? ಅವಳ ಹತ್ರ ಕೂತು ಒಂದ್ಸಲ ಕೇಳ್ರೀ, ಏನಾಗ್ತಿದೆ ಅಂತ," ಎಂದಳು ಹೆಂಡತಿ.

"ಕೇಳೋದೇನಿದೆ? ಹೆದರಿದಾಳೆ. ಟೈರ್ ಹಾಕಿಸಿದ್ರೆ ಸರಿಹೋಗುತ್ತೆ."

ಶಿವಾಜಿನಗರದಲ್ಲಿ ಬೈಕಿನ ಸಾಮಾನು ಮಾರುವ ಸಾಲಿನಲ್ಲಿ ಒಂದು ಟೈರ್ ಅಂಗಡಿ. ಮಳೆಗಾಲದಲ್ಲಿ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ, ಎಲ್ಲರಿಗೂ ಜಾರಿದ ಮೇಲೆಯೇ ಟೈರಿನ ನೆನಪು. ಅಂಗಡಿಯ ಯಜಮಾನ ಒಂದೇ ಹೊತ್ತಿಗೆ ನಾಲ್ಕು ಜನಕ್ಕೆ ಉತ್ತರಿಸುತ್ತಿದ್ದ, ಒಬ್ಬರಿಗೆ ಉರ್ದು, ಒಬ್ಬರಿಗೆ ತಮಿಳು, ನನಗೆ ಕನ್ನಡ.

"ಹೇಳಿ ಸಾರ್, ಜಾಸ್ತಿ ದಿನ ಬಾಳಿಕೆ ಬರೋದ್ ಬೇಕಾ, ಗ್ರಿಪ್ ಬೇಕಾ?"

"ಎರಡೂ ಬೇಕು."

"ಎರಡೂ ಒಂದ್ರಲ್ಲೇ ಸಿಗಲ್ಲ. ಗಟ್ಟಿ ರಬ್ಬರ್ ಸವೆಯಲ್ಲ, ಮಳೇಲಿ ಹಿಡಿಯಲ್ಲ. ಮೆತ್ತಂದು ಹಿಡಿಯುತ್ತೆ, ಬೇಗ ಸವೆಯುತ್ತೆ. ಡಿಸೈಡ್ ಮಾಡಿ."

"ಮಳೇಲಿ ಮಗು ಕೂರಿಸ್ಕೊಂಡ್ ಹೋಗ್ಬೇಕು," ಎಂದೆ.

ಅವನು ಆಗ ನನ್ನ ಮುಖ ನೋಡಿದ. ಮೆಟ್ಟಿಲು ಹತ್ತಿ ಅಟ್ಟದಿಂದ ಎರಡು ಟೈರು ಇಳಿಸಿದ. ಮಧ್ಯದಿಂದ ಅಂಚಿಗೆ ಓರೆಯಾಗಿ ಇಳಿದ ಆಳದ ಗೀರುಗಳು, ಅಚ್ಚಿನಿಂದ ಬಂದ ರಬ್ಬರಿನ ಸಣ್ಣ ಕೂದಲು ಇನ್ನೂ ಮೈತುಂಬ ಇತ್ತು. ಪಕ್ಕದಲ್ಲಿ ಕೊರೆದಿದ್ದ ತಯಾರಾದ ವಾರ, ವರ್ಷದ ಅಂಕಿಗಳನ್ನು ಫೋನಿನ ಬೆಳಕು ಬಿಟ್ಟು ಓದಿದೆ. ಈ ವರ್ಷದ್ದೇ. ಉಗುರು ಒತ್ತಿದೆ, ಇಳಿಯಿತು. ತಿರುಗುವ ದಿಕ್ಕಿನ ಬಾಣದ ಗುರುತು ಸರಿಯಾಗಿ ಮುಂದಕ್ಕೆ ಬಂದಿದೆಯೇ ಎಂದು ಕೂರಿಸಿದ ಮೇಲೆ ಎರಡೆರಡು ಸಲ ನೋಡಿದೆ. ಕೆಲಸದವನಿಗೆ ನನ್ನ ಕಾಟ ಸಾಕಾಗಿ "ಸರಿಯಾಗೇ ಇದೆ ಬಿಡಿ ಸಾರ್" ಎಂದು ನಕ್ಕ. ಪಕ್ಕದಲ್ಲಿ ಗಾಳಿ ತುಂಬುವ ಯಂತ್ರ ಬಡಿದುಕೊಳ್ಳುತ್ತಿತ್ತು, ಯಜಮಾನ ಮತ್ತೇನೋ ಹೇಳಿದನೋ ಇಲ್ಲವೋ ಗೊತ್ತಿಲ್ಲ.

ಸಂಜೆ ಮಗಳನ್ನು ಬೈಕಿನ ಹತ್ತಿರ ಕರೆದು ಕೂರಿಸಿಕೊಂಡೆ. ಹೊಸ ಟೈರನ್ನು ಮುಟ್ಟಿಸಿದೆ. ಯಂತ್ರಗಳು ಕಿವಿಯಲ್ಲಿದ್ದವು, ಆದರೂ ಅನುಮಾನ ಉಳಿಯಬಾರದೆಂದು ಕೈಸನ್ನೆಯಲ್ಲೂ ಹೇಳಿದೆ. ಹಳೆಯದು ಕೆಟ್ಟಿತ್ತು. ಇದು ಒಳ್ಳೆಯದು. ಇನ್ನು ಬೀಳುವುದಿಲ್ಲ. ಪ್ರಾಮಿಸ್.

ಅವಳು ಟೈರನ್ನು ನೋಡಿದಳು, ನನ್ನನ್ನು ನೋಡಿದಳು. ಕೊನೆಗೆ ಆಗಲಿ ಎಂದು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆ ನನಗೆ ದೇವರು ವರ ಕೊಟ್ಟ ಹಾಗಿತ್ತು.

ಮಾರನೇ ಬೆಳಿಗ್ಗೆ ಹೊರಟೆವು. ರೈಲ್ವೆ ಗೇಟು ದಾಟುವವರೆಗೆ ಒಣಗಿದ್ದ ರಸ್ತೆ ಹಲಸೂರಿಗೆ ಬರುವಷ್ಟರಲ್ಲಿ ಒದ್ದೆಯಾಯಿತು. ನಿಲ್ಲಿಸಿದೆ, ಡಬ್ಬಿ ಜೇಬಿಗೆ ಬಂತು, ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೀಟಿನ ಕೆಳಗಿಟ್ಟೆ. ಅವಳ ಮುಷ್ಟಿಗಳು ನನ್ನ ರೇನ್‌ಕೋಟನ್ನು ಎಷ್ಟು ಬಿಗಿ ಹಿಡಿದಿದ್ದವೆಂದರೆ ಕತ್ತಿನ ಹತ್ತಿರ ಬಟ್ಟೆ ಎಳೆದು ಉಸಿರುಕಟ್ಟುತ್ತಿತ್ತು. ಮರ್ಫಿ ಟೌನಿನ ಕಡೆ ತಿರುಗಬೇಕು. ನಿಧಾನ, ತುಂಬ ನಿಧಾನ. ಒಂದು ಆಟೋ ಸಿಗ್ನಲ್ ಕೊಡದೆ ನನ್ನ ಮುಂದಕ್ಕೆ ನುಗ್ಗಿತು. ಬ್ರೇಕು ಒತ್ತಿದೆ. ಹೊಸ ಟೈರು, ಈ ವರ್ಷದ ಟೈರು, ಮೆತ್ತನೆಯ ಟೈರು, ಬೆಣ್ಣೆಯ ಮೇಲೆ ಹೋದಂತೆ ಜಾರಿತು.

ಪೂರ್ತಿ ಬೀಳಲಿಲ್ಲ. ಎಡಗಾಲು ಊರಿ ಬೈಕಿನ ಭಾರವನ್ನೆಲ್ಲ ತಡೆದೆ, ಮಂಡಿಯೊಳಗೆ ಏನೋ ಕಳಚಿದಂತಾಯಿತು. ಆಟೋದವನನ್ನು ಬಾಯಿಗೆ ಬಂದಂತೆ ಬೈದೆ. ಅವನ ಮೇಲಿನ ಸಿಟ್ಟೊಂದೇ ಅಲ್ಲ, ಟೈರಿನ ಮೇಲೆ, ಮಳೆಯ ಮೇಲೆ, ಪ್ರಾಮಿಸ್ ಮಾಡಿದ ನನ್ನ ಬಾಯಿಯ ಮೇಲೆ. ಬೈಯುತ್ತಲೇ ಹಿಂದಕ್ಕೆ ತಿರುಗಿದೆ. ಮಗಳು ಇಳಿದು ನಿಂತಿದ್ದಳು. ನನ್ನ ಮುಖ ನೋಡಿದಳು. ಮರುಕ್ಷಣ ತಿರುಗಿ ಓಡಿದಳು.

ರಸ್ತೆಯ ಆ ಬದಿಗೆ, ವಾಹನಗಳ ನಡುವೆ. ಒಂದು ಸ್ಕೂಟರು ಅವಳ ಮುಂದೆಯೇ ಚೀರಿಕೊಂಡು ನಿಂತಿತು. ಅವಳಿಗೆ ಅದು ಕೇಳಿಸಲಿಲ್ಲ. ಆಚೆಯ ಓಣಿಯೊಳಗೆ ಅವಳ ಹಳದಿ ರೇನ್‌ಕೋಟು ಕಾಣಿಸಿತು, ಆಮೇಲೆ ಕಾಣಿಸಲಿಲ್ಲ.

ಬೈಕನ್ನು ಅಲ್ಲೇ ನೆಲಕ್ಕೆ ಒರಗಿಸಿ ಕುಂಟುತ್ತಾ ಓಡಿದೆ. ಮರ್ಫಿ ಟೌನಿನ ಓಣಿಗಳು ಒಂದರೊಳಗೊಂದು. ಎರಡು ಕಡೆ ಬಾಗಿಲಿಗೆ ಬಾಗಿಲು ತಾಗಿದ ಮನೆಗಳು, ನಡುವೆ ನೀರಿನ ಡ್ರಮ್ಮು, ನಿಲ್ಲಿಸಿದ ಗಾಡಿ, ಮಳೆಗೆ ಎಳೆದು ಕಟ್ಟಿದ ನೀಲಿ ಟಾರ್ಪಾಲು. ಮೂರು ದಾರಿ ಕೂಡುವ ಕಡೆ ನಿಂತೆ. ಯಾವ ಕಡೆ ಹೋಗಿರಬಹುದು? ಒಬ್ಬ ತಮಿಳು ಹೆಂಗಸು ಬಾಗಿಲಲ್ಲಿ ನಿಂತು ನೀರು ಹೊರಹಾಕುತ್ತಿದ್ದಳು.

"ಹಳದಿ ಕೋಟಿನ ಹುಡುಗಿ ಬಂದ್ಲಾ ಅಮ್ಮಾ?"

"ನೋಡಿಲ್ಲ ಪಾ. ಹೆಸರು ಹಿಡ್ದು ಕೂಗಿ, ಕೊಳಂದೆ ಇಲ್ಲೇ ಎಲ್ಲೋ ಇರುತ್ತೆ."

"ಅವಳಿಗೆ ಕೇಳಿಸಲ್ಲ."

"ಜೋರಾಗಿ ಕೂಗಿ."

"ಕಿವಿ ಕೇಳಿಸಲ್ಲಮ್ಮಾ ಅವಳಿಗೆ!"

ಆ ಹೆಂಗಸು ಕೈಯಲ್ಲಿದ್ದ ಮಗ್ಗನ್ನು ಬಿಟ್ಟು "ಅಯ್ಯೋ ಕಡವುಳೇ" ಎಂದು ದೇವರನ್ನು ಕರೆದು ಸೆರಗನ್ನು ತಲೆಗೆ ಹಾಕಿಕೊಂಡು ನನ್ನ ಜೊತೆ ಹೊರಟೇಬಿಟ್ಟಳು. ಇನ್ನೊಂದು ಮನೆಯಿಂದ ಒಬ್ಬ ಗಂಡಸು ಬಂದ. ಅವರು ಒಂದು ಓಣಿ, ನಾನು ಒಂದು ಓಣಿ. ಕೂಗಿದರೆ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ನಾನು ಅವಳ ಹೆಸರು ಕೂಗುತ್ತಲೇ ಇದ್ದೆ. ಸುಮ್ಮನೆ ಹುಡುಕಲು ಆಗುತ್ತಿರಲಿಲ್ಲ. ಪ್ರತಿ ಹೆಜ್ಜೆಗೂ ಡಬ್ಬಿ ಎದೆಗೆ ಬಡಿಯುತ್ತಿತ್ತು. ಅವಳ ಎರಡು ಕಿವಿಗಳು ನನ್ನ ಜೇಬಿನಲ್ಲಿವೆ, ಅವಳು ಎಲ್ಲೋ ಲಾರಿಯೊಂದರ ಮುಂದೆ ನಡೆದು ಹೋಗುತ್ತಿದ್ದಾಳೆ, ಹಾರ್ನ್ ಹೊಡೆದವನಿಗೆ ಇವಳೇಕೆ ಸರಿಯುತ್ತಿಲ್ಲ ಎಂದು ಅರ್ಥವಾಗುತ್ತಿಲ್ಲ: ಈ ಚಿತ್ರ ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬರುತ್ತಿರಲಿಲ್ಲ. ಹಲಸೂರು ಕೆರೆಯ ಕಡೆಗೆ ಹೋಗಿಬಿಟ್ಟರೆ ಎಂದು ಹೊಳೆದಾಗ ಆ ಕಡೆಗೇ ಓಡಿದೆ.

ಕೆರೆಯ ಬೇಲಿಯುದ್ದಕ್ಕೂ ನೋಡಿ ಬಂದೆ. ಬಸ್ ಸ್ಟಾಪುಗಳಲ್ಲಿ ಕೇಳಿದೆ. ಪೊಲೀಸರಿಗೆ ಹೇಳಬೇಕೆಂದು ಹೊಳೆಯುವಷ್ಟು ಹೊತ್ತಿಗೆ ಫೋನು ಜೇಬಿನಲ್ಲಿಲ್ಲ ಎನ್ನುವುದೂ ಹೊಳೆಯಿತು. ಬೈಕಿನ ಹತ್ತಿರ ಮರಳಿದೆ. ಯಾರೋ ಅದನ್ನು ಎತ್ತಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು. ಸೀಟಿನ ಕೆಳಗಿನ ಪ್ಲಾಸ್ಟಿಕ್ಕಿನೊಳಗೆ ಫೋನು ಬೆಳಗುತ್ತಿತ್ತು, ಹೆಂಡತಿಯ ಕರೆಗಳು ಒಂದರ ಮೇಲೊಂದು. ಎತ್ತಲು ಹೆದರಿಕೆಯಾಯಿತು. ಆದರೂ ಎತ್ತಿದೆ.

"ಎಲ್ಲಿದೀರ್ರೀ? ಫೋನ್ ಯಾಕ್ ಎತ್ತಲ್ಲ? ಅವಳು ಸ್ಕೂಲಲ್ಲಿದಾಳೆ. ಒಬ್ಳೇ ನಡ್ಕೊಂಡ್ ಬಂದ್ಲಂತೆ. ಟೀಚರ್ ಫೋನ್ ಮಾಡಿದ್ರು. ನಿಮಗೇನಾಗಿದೆ? ಹಲೋ? ಹಲೋ?"

ರಸ್ತೆಯ ಅಂಚಿನಲ್ಲಿ ನೀರಿನಲ್ಲೇ ಕೂತೆ. ನನ್ನ ಜೊತೆ ಹುಡುಕಿದ ಆ ಹೆಂಗಸು ಎಲ್ಲಿಂದಲೋ ಬಂದು, ನನ್ನ ಅಳು ನೋಡಿ ಕೆಟ್ಟದ್ದೇ ಆಗಿದೆಯೆಂದು ತಿಳಿದು ತಾನೂ ಅಳತೊಡಗಿದಳು. ಸಿಕ್ಕಳು, ಶಾಲೆಯಲ್ಲಿದ್ದಾಳೆ ಎಂದು ಅವಳಿಗೆ ಹೇಳಿದೆ.

ಬೈಕನ್ನು ಅಲ್ಲೇ ಬಿಟ್ಟು ನಡೆದೇ ಶಾಲೆಗೆ ಹೋದೆ. ಮಗಳು ಟೀಚರ ಟವೆಲ್ಲಿನಲ್ಲಿ ತಲೆ ಸುತ್ತಿಕೊಂಡು ಕೂತಿದ್ದಳು. ನನ್ನನ್ನು ಕಂಡ ಕೂಡಲೇ ಟೀಚರ ಹಿಂದೆ ಸರಿದಳು. ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಟೀಚರೇ ಒರೆಸಿ ಯಂತ್ರಗಳನ್ನು ಅವಳ ಕಿವಿಗೆ ಹಾಕಿದರು.

"ಅಪ್ಪನಿಗೆ ಹೇಳು, ನನಗೆ ಹೇಳಿದ್ಯಲ್ಲ," ಎಂದರು ಅವರು.

ಅವಳು ಕೈಗಳಲ್ಲಿ ಹೇಳಿದಳು, ಮಧ್ಯೆ ಮಧ್ಯೆ ಬಾಯಲ್ಲಿ. ಮೊದಲ ಸಲ ಬಿದ್ದ ದಿನ ಮೆಟ್ರೋ ರೈಲು ಮೇಲೆ ಹೋಗುತ್ತಿತ್ತು. ಅದನ್ನು ನೋಡಲು ಅವಳು ಪಕ್ಕಕ್ಕೆ ವಾಲಿದ್ದಳು. ಅಲುಗಾಡಬೇಡ ಎಂದು ನಾನು ದಿನವೂ ಹೇಳುತ್ತಿದ್ದೆನಲ್ಲ, ಅಲುಗಾಡಿದ್ದಳು, ಬೈಕು ಬಿತ್ತು. ಈ ದಿನ ಅಲುಗಾಡಬಾರದೆಂದು ಉಸಿರು ಹಿಡಿದು ಕೂತಿದ್ದಳು. ಆದರೆ ಹಲಸೂರಿನಲ್ಲಿ ಮೂಗು ಒರೆಸಿಕೊಳ್ಳಲು ಒಂದು ಕೈ ಬಿಟ್ಟಳು. ಮತ್ತೆ ಜಾರಿತು. ನಾನು ತಿರುಗಿ ಅವಳನ್ನು ಬೈದೆ.

"ನಿನಗಲ್ಲ, ಆಟೋದವನಿಗೆ," ಎಂದೆ.

"ನಂಗೆ," ಎಂದಳು ಬಾಯಿಬಿಟ್ಟು. "ನಂಗೆ ಬೈದೆ."

ನಾನು ವಾರಗಟ್ಟಲೆ ಟೈರಿನ ವಿಷಯ ಹೇಳಿದ್ದನ್ನು ಅವಳು ಸುಳ್ಳೆಂದೇ ತಿಳಿದಿದ್ದಳು. ತಪ್ಪು ತನ್ನದು, ಅಪ್ಪ ತನ್ನ ಮನಸ್ಸಿಗೆ ನೋವಾಗಬಾರದೆಂದು ಟೈರಿನ ಮೇಲೆ ಹಾಕುತ್ತಿದ್ದಾನೆ ಎಂದು. ಮೋಡ ಕಂಡಾಗಲೆಲ್ಲ ಹೊಸಿಲೊಳಗೆ ಕೂರುತ್ತಿದ್ದದ್ದು ತಾನು ಬೀಳುತ್ತೇನೆ ಎಂದಲ್ಲ, ಅಪ್ಪನನ್ನು ಬೀಳಿಸುತ್ತೇನೆ ಎಂದು.

ಆ ದಿನ ಕೆಲಸಕ್ಕೆ ಹೋಗಲಿಲ್ಲ. ಮಾರನೇ ದಿನ ಬಿಟ್ಟುಬಂದಿದ್ದ ಬೈಕು ತೆಗೆದುಕೊಂಡು ಟೈರ್ ಅಂಗಡಿಗೆ ಹೋಗಿ ಯಜಮಾನನ ಮೇಲೆ ಹರಿಹಾಯ್ದೆ.

"ಹೊಸ ಟೈರ್ ಮೇಲೆ ಅಚ್ಚಿನ ಎಣ್ಣೆ ಥರಾ ಪದರ ಇರುತ್ತೆ ಸಾರ್," ಎಂದ ಅವನು. "ಒಣ ರೋಡಲ್ಲಿ ಸ್ವಲ್ಪ ದಿನ ಓಡಿಸಿದ್ರೆ ಹೋಗುತ್ತೆ. ಅಲ್ಲೀವರೆಗೂ ಜೋರ್ ಬ್ರೇಕ್ ಹಾಕಂಗಿಲ್ಲ. ಹೇಳಿರ್ತೀನಲ್ಲ."

"ನೀವ್ ಹೇಳಿಲ್ಲ."

"ಎಲ್ರಿಗೂ ಹೇಳ್ತೀನಿ ಸಾರ್. ಹೇಳಿರ್ತೀನಿ." ಆಮೇಲೆ ಸ್ವಲ್ಪ ತಡೆದು, "ಗಲಾಟೇಲಿ ಬಿಟ್ಟೋಗಿದ್ರೂ ಹೋಗಿರ್ಬೋದು. ಮಗೂಗೇನೂ ಆಗಿಲ್ವಲ್ಲ?" ಎಂದ.

ನನ್ನ ಸಿಟ್ಟು ನಿಲ್ಲಲು ಜಾಗವಿಲ್ಲದೆ ಇಳಿದುಹೋಯಿತು. ಬಿಚ್ಚಿದ ಟೈರುಗಳ ರಾಶಿಯಲ್ಲಿ ನನ್ನ ಹಳೆಯದನ್ನು ಹುಡುಕಿಸಿ, ಹಿಂದೆ ಕಟ್ಟಿಕೊಂಡು ಮನೆಗೆ ತಂದೆ. ಹಳೆಯದರ ಮೇಲೆ ಮಗಳ ಹೆಬ್ಬೆರಳಿಟ್ಟು ಒತ್ತಿಸಿದೆ, ಆಮೇಲೆ ಹೊಸದರ ಮೇಲೆ. ಅವಳು ನಾನು ಹೇಳದೆಯೇ ಮತ್ತೆ ಮತ್ತೆ ಒತ್ತಿ ನೋಡಿದಳು. ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಹೆಂಡತಿ ಅವಳ ಪಕ್ಕ ನೆಲದ ಮೇಲೆ ಕೂತು, ನಾನು ಕೇಳದೆ ಬಿಟ್ಟಿದ್ದನ್ನೆಲ್ಲ ಒಂದೊಂದಾಗಿ ಕೇಳುತ್ತಾ ಹೋದಳು. ನಾನು ಗೋಡೆಗೆ ಒರಗಿ ನೋಡುತ್ತಾ ನಿಂತಿದ್ದೆ. ಮೂಗು ಒರೆಸಿಕೊಂಡ ವಿಷಯ ಹೇಳುವಾಗ ಅವಳು ಮೊದಲ ಸಲ ಅತ್ತಳು.

ಆ ಮಳೆಗಾಲ ಮುಗಿಯುವ ತನಕ ಅವಳು ಒದ್ದೆ ರಸ್ತೆಯಲ್ಲಿ ಬೈಕ್ ಹತ್ತಲಿಲ್ಲ. ನಾನೂ ಕೇಳಲಿಲ್ಲ. ಕನ್ನಡಕದ ಅಂಗಡಿಯವರನ್ನು ಬೇಡಿಕೊಂಡು ಬೆಳಿಗ್ಗೆ ತಡವಾಗಿ ಬರಲು ಒಪ್ಪಿಗೆ ಪಡೆದೆ. ಬೇಗ ಎದ್ದು ಬಸ್ಸಿನಲ್ಲಿ ಮೆಟ್ರೋವರೆಗೆ, ಮೆಟ್ರೋದಲ್ಲಿ ಹಲಸೂರಿಗೆ, ಅಲ್ಲಿಂದ ಕೊಡೆ ಹಿಡಿದು ನಡಿಗೆ. ತಡವಾದ ದಿನಗಳೂ ಇದ್ದವು. ಟೀಚರ್ ಅವಳಿಗಾಗಿ ಕೆಲವು ಸಲ ಮಧ್ಯಾಹ್ನ ಊಟ ಬಿಟ್ಟು ಪಾಠ ಹೇಳಿಕೊಟ್ಟರು. ಒಣಗಿದ ಸಂಜೆಗಳಲ್ಲಿ ನಾನೊಬ್ಬನೇ ಇಂದಿರಾನಗರದ ಅಗಲ ರಸ್ತೆಗಳಲ್ಲಿ ಸುತ್ತಿ, ಬ್ರೇಕು ಹಿಡಿದು ಬಿಟ್ಟು, ಟೈರಿನ ಹೊಳಪು ಹೋಗುವ ತನಕ ಓಡಿಸಿದೆ. ಈಗ ಅವು ಮಳೆಯಲ್ಲೂ ರಸ್ತೆಯನ್ನು ಹಿಡಿಯುತ್ತವೆ.

ಈ ವರ್ಷ ಮತ್ತೆ ಮಳೆ ಬಂದಿದೆ. ಹೋದ ವಾರ ಒಂದು ಬೆಳಿಗ್ಗೆ ಮಳೆ ಬರಲಾರದೆಂದು ನಂಬಿ ಬೈಕಿನಲ್ಲೇ ಹೊರಟೆವು. ಕಾಕ್ಸ್ ಟೌನ್ ಇನ್ನೇನು ಬಂತು ಎನ್ನುವಾಗ ಸುರಿಯಿತು. ಒಂದು ಬೇಕರಿಯ ತಗಡಿನ ಕೆಳಗೆ ನಿಂತೆವು. ಮೊದಲ ತರಗತಿಗೆ ಹೊತ್ತಾಗುತ್ತಿತ್ತು. ಮಳೆ ನಿಲ್ಲುವಂತೆ ಕಾಣಲಿಲ್ಲ. ಅವಳು ಯಂತ್ರಗಳನ್ನು ಬಿಚ್ಚಿ ಡಬ್ಬಿಗೆ ಹಾಕಿ ಕೊಟ್ಟಳು, ನಾನು ಜೇಬಿಗೆ ಇಳಿಸಿಕೊಂಡೆ.

ಅವಳು ಬೈಕನ್ನು ನೋಡಿದಳು, ರಸ್ತೆಯಲ್ಲಿ ಹರಿಯುವ ನೀರನ್ನು ನೋಡಿದಳು. ಹತ್ತುವುದಿಲ್ಲವೆಂದು ತಲೆಯಾಡಿಸಿದಳು. ಆಮೇಲೆ ಹಿಂದಕ್ಕೆ ಹೋಗಿ ಕ್ಯಾರಿಯರಿನ ಮೇಲೆ ಎರಡೂ ಅಂಗೈ ಊರಿ ತಳ್ಳಲು ನಿಂತಳು. ನಾನು ಹ್ಯಾಂಡಲ್ ಹಿಡಿದೆ. ಇಂಜಿನ್ ಆರಿಸಿದ ಬೈಕನ್ನು ನಾನು ಎಳೆಯುತ್ತಾ, ಅವಳು ತಳ್ಳುತ್ತಾ, ಆ ಮಳೆಯಲ್ಲಿ ಶಾಲೆಯವರೆಗೂ ನಡೆದೆವು.